ಹಿಂದಿನ ಸೀಟಿನವರ ಕುತ್ತಿಗೆ ಹಿಂದಿರುವ ಹಲಗೆ

ಮಾನ್ಯ ಸಂಪಾದಕರೇ,

ನಮ್ಮ ತೀರ್ಥಹಳ್ಳಿ ಕಡೆ ಹೊಸ ಕಾರು ಮನೆಗೆ ಬಂದರೆ ವಾರದೊಳಗೆ ಒಂದಷ್ಟು ಕೆಲಸ ಆಗಿಬಿಡಬೇಕು. ಪೂಜೆ, ಸೀಟ್ ಕವರ್, ಕಾಲಡಿಯ ಮ್ಯಾಟ್, ಆಮೇಲೆ ಡಿಕ್ಕಿ ಮುಚ್ಚುವ ಪಾರ್ಸೆಲ್ ಟ್ರೇ. ಮೊದಲಿನ ಮೂರರ ಬಗ್ಗೆ ನನ್ನ ತಕರಾರಿಲ್ಲ. ನಾಲ್ಕನೆಯದರ ಬಗ್ಗೆ ಬರೆಯಲೇಬೇಕು ಅನ್ನಿಸಿದೆ. ಪತ್ರ ಸ್ವಲ್ಪ ಉದ್ದವಾಗುತ್ತದೆ, ದಯವಿಟ್ಟು ಆದಷ್ಟು ಕತ್ತರಿಸದೆ ಹಾಕಿ. ಇದು ನನ್ನ ಅಮ್ಮನ ಕುತ್ತಿಗೆಗೆ ಬಿದ್ದ ಏಟಿನ ವಿಷಯ.

ಪಾರ್ಸೆಲ್ ಟ್ರೇ ಅಂದರೆ ಎಲ್ಲರಿಗೂ ಗೊತ್ತಿರುತ್ತದೆ ಅಂತಲ್ಲ. ಹ್ಯಾಚ್‌ಬ್ಯಾಕ್, ಅಂದರೆ ಹಿಂದಿನ ಬಾಗಿಲು ಗಾಜಿನ ಸಮೇತ ಮೇಲೆ ಏಳುವ ಕಾರುಗಳಲ್ಲಿ ಡಿಕ್ಕಿಗೂ ಹಿಂದಿನ ಸೀಟಿಗೂ ಮಧ್ಯೆ ಗೋಡೆ ಇಲ್ಲ. ಸೀಟಿನ ಬೆನ್ನಿನ ಮೇಲಂಚಿನಿಂದ ಹಿಂದಿನ ಗಾಜಿನವರೆಗೆ ಅಡ್ಡ ಮಲಗಿರುವ ಹಲಗೆಯೇ ಪಾರ್ಸೆಲ್ ಟ್ರೇ. ಡಿಕ್ಕಿಯೊಳಗಿನ ಸಾಮಾನು ಹೊರಗಿನವರ ಕಣ್ಣಿಗೆ ಬೀಳಬಾರದು, ಬಿಸಿಲು ತಾಗಬಾರದು ಅಂತ ಅದು ಇರುವುದು. ಅದರ ಕೆಲಸ ಅಷ್ಟೇ. ಹೆಸರಲ್ಲಿ ಟ್ರೇ ಅಂತ ಇದೆಯಲ್ಲ, ಅದೇ ನಮ್ಮನ್ನು ದಾರಿ ತಪ್ಪಿಸಿದ್ದು ಅಂತ ನನಗೆ ಅನ್ನಿಸುತ್ತದೆ. ಟ್ರೇ ಅಂದ ಕೂಡಲೇ ಮೇಲೆ ಏನಾದರೂ ಇಡಬೇಕು ಅನ್ನಿಸುತ್ತದೆ, ಅಲ್ವಾ.

ನಮ್ಮದು ಸಣ್ಣ ಹ್ಯಾಚ್‌ಬ್ಯಾಕ್, ಕೆಳಗಿನ ವೇರಿಯಂಟ್, ಅಂದರೆ ಅದೇ ಕಾರಿನ ಕಡಿಮೆ ಬೆಲೆಯ ಮಾದರಿ. ಅದರಲ್ಲಿ ಈ ಹಲಗೆ ಬಂದಿರಲಿಲ್ಲ. ಶೋರೂಮಿನಲ್ಲಿ ಕೇಳಿದ್ದಕ್ಕೆ ಆಕ್ಸೆಸರಿಯಾಗಿ ತರಿಸಿಕೊಡುತ್ತೇವೆ, ಹದಿನೈದು ದಿನ ಆಗುತ್ತದೆ ಅಂದರು. ಅಷ್ಟು ದಿನ ಕಾಯೋದು ಯಾಕೆ ಅಂತ ಪೇಟೆಯ ಒಂದು ಅಂಗಡಿಗೆ ಹೋದೆ. ಅಂಗಡಿಯವರು ಪ್ಲೈವುಡ್ ಹಲಗೆಗೆ ಕಪ್ಪು ಕಾರ್ಪೆಟ್ ಅಂಟಿಸಿದ ಟ್ರೇ ತೋರಿಸಿದರು. ಅದರಲ್ಲಿ ಆಗಲೇ ಎರಡು ಮೊಟ್ಟೆಯಾಕಾರದ ತೂತು ಕೊರೆದಿತ್ತು, 6x9 ಅಂತಾರಲ್ಲ, ಆ ಓವಲ್ ಸ್ಪೀಕರ್ ಕೂರಿಸಲು. ಹೇಗೂ ತೂತು ಇದೆ ಸಾರ್, ಸ್ಪೀಕರ್ ಹಾಕಿಸಿಬಿಡಿ ಅಂದರು. ಹಾಕಿಸಿದೆ. ಅರ್ಧ ಗಂಟೆಯೊಳಗೆ ಎಲ್ಲ ಮುಗೀತು. ಹಲಗೆ ಒಂಚೂರು ಅಲುಗಾಡಿದ ಹಾಗೆ ಕಂಡಿತು, ಕೇಳಿದೆ. ಹುಡುಗ ಎರಡೂ ಪಕ್ಕ ಡಬಲ್ ಟೇಪ್ ಹಚ್ಚಿ, ಅಂಗೈಯಿಂದ ಎರಡು ಸಲ ಬಡಿದು, ಏನಾಗಲ್ಲ ಸಾರ್, ಗಟ್ಟಿ ಕೂತಿದೆ ಅಂದ. ಆ ಹುಡುಗನ ತಪ್ಪು ಅಂತ ನಾನು ಹೇಳುವುದಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಕಳೆದ ಡಿಸೆಂಬರ್, ಅಡಕೆಯ ಕೊನೆಕೊಯ್ಲಿನ ಹೊತ್ತು. ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ತೋರಿಸಲು ಶಿವಮೊಗ್ಗಕ್ಕೆ ಕರೆದುಕೊಂಡು ಹೊರಟಿದ್ದೆ. ಹಿಂದಿನ ಸೀಟಿನಲ್ಲಿ ಅಮ್ಮ, ಅವರ ಪಕ್ಕ ನನ್ನ ತಂಗಿ. ಹಲಗೆಯ ಮೇಲೆ ಒಂದು ಕೊಡೆ, ಒಂದು ಸ್ಟೀಲಿನ ನೀರಿನ ಬಾಟಲಿ, ತಂಗಿಯ ಮನೆಗೆ ಅಂತ ಕಟ್ಟಿದ್ದ ನಾಲ್ಕು ತೆಂಗಿನಕಾಯಿಯ ಚೀಲ. ಡಿಕ್ಕಿಯೊಳಗೆ ಜಾಗ ಬೇಕಾದಷ್ಟಿತ್ತು. ಆದರೂ ಕೈಗೆ ಸಿಗಲಿ ಅಂತ ಮೇಲೆ ಇಟ್ಟಿದ್ದು. ಮಂಡಗದ್ದೆ ದಾಟಿದ ಮೇಲೆ ಒಂದು ತಿರುವು ಮುಗಿಯುತ್ತಿದ್ದ ಹಾಗೆ ಎಡಗಡೆಯ ಮರಗಳ ಮಧ್ಯದಿಂದ ದನವೊಂದು ರಸ್ತೆಗೆ ಬಂತು. ನಾನು ಅರವತ್ತರಲ್ಲಿ ಇದ್ದಿರಬೇಕು. ಬ್ರೇಕ್ ಪೂರ್ತಿ ಒತ್ತಿದೆ. ಕಾರು ನಿಂತಿತು, ದನಕ್ಕೆ ಏನೂ ಆಗಲಿಲ್ಲ. ಆದರೆ ಹಿಂದೆ ದಡ್ ಅಂತ ಶಬ್ದ ಬಂತು, ಅದರ ಹಿಂದೆಯೇ ಅಮ್ಮ ಕೂಗಿದರು.

ತಿರುಗಿ ನೋಡಿದರೆ ಹಲಗೆ ಸೀಟಿನ ಮೇಲೆ ಹತ್ತಿ ಕೂತಿತ್ತು. ಅದರ ಎಡ ಮೂಲೆ ಅಮ್ಮನ ಕುತ್ತಿಗೆಯ ಕೆಳಗೆ, ಭುಜ ಶುರುವಾಗುವ ಜಾಗಕ್ಕೆ ಬಡಿದಿತ್ತು. ಹೆಡ್‌ರೆಸ್ಟನ್ನು ನಾವೇ ಪೂರ್ತಿ ಕೆಳಗೆ ಇಳಿಸಿಟ್ಟಿದ್ದೆವು, ಹಿಂದಿನದು ಕನ್ನಡಿಯಲ್ಲಿ ಚೆನ್ನಾಗಿ ಕಾಣಲಿ ಅಂತ. ಸ್ಟೀಲ್ ಬಾಟಲಿ ಇಬ್ಬರ ಮಧ್ಯೆ ಹಾರಿ ಬಂದು ಗೇರಿನ ಹತ್ತಿರ ಬಿದ್ದಿತ್ತು. ತೆಂಗಿನಕಾಯಿ ಚೀಲ ತಂಗಿಯ ತೊಡೆಯ ಮೇಲೆ. ಒಂದು ಸ್ಪೀಕರಿನ ತಂತಿ ಕಿತ್ತುಬಂದಿತ್ತು. ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕಾದವರು ಮೂಳೆ ಡಾಕ್ಟರ ಹತ್ತಿರ ಹೋದೆವು. ಮೂಳೆ ಮುರಿದಿರಲಿಲ್ಲ. ಮೂರು ವಾರ ಕುತ್ತಿಗೆಗೆ ಪಟ್ಟಿ. ಅಮ್ಮನಿಗೆ 71 ವರ್ಷ. ಎಡಗೈ ಎತ್ತಿ ಜಡೆ ಹಾಕಿಕೊಳ್ಳಲು ಎರಡು ತಿಂಗಳು ಬೇಕಾಯಿತು.

ಇದು ಅಪಘಾತ ಅಲ್ಲ ಅನ್ನೋದನ್ನು ಗಮನಿಸಿ. ಕಾರಿಗೆ ಒಂದು ಗೀರೂ ಬಿದ್ದಿರಲಿಲ್ಲ. ಬರೀ ಬ್ರೇಕು.

ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ಮಾರನೇ ದಿನ ಪಕ್ಕದ ಮನೆಯವರ ಕಾರು ನೋಡಲು ಹೋದೆ. ಅದೇ ಕಾರು, ಮೇಲಿನ ವೇರಿಯಂಟ್, ಅದರಲ್ಲಿ ಕಂಪನಿಯ ಹಲಗೆ ಇದೆ. ಡಿಕ್ಕಿ ತೆಗೆದು ಟಾರ್ಚ್ ಹಿಡಿದು ನೋಡಿದೆ. ಆಗ ವ್ಯತ್ಯಾಸ ಗೊತ್ತಾಯಿತು. ಕಂಪನಿಯ ಹಲಗೆಯ ಸೀಟಿನ ಕಡೆಯ ಅಂಚಿನಲ್ಲಿ, ಎರಡೂ ತುದಿಗೆ, ಕಿರುಬೆರಳಿನಷ್ಟು ದಪ್ಪದ ಗೂಟ ಹೊರಗೆ ಚಾಚಿಕೊಂಡಿದೆ. ಡಿಕ್ಕಿಯ ಎರಡೂ ಪಕ್ಕದ ಪ್ಲಾಸ್ಟಿಕ್ಕಿನಲ್ಲಿ ಆ ಗೂಟ ಕೂರಲು ಕಚ್ಚು ಇದೆ. ಕಚ್ಚಿನ ಬಾಯಿ ಕಿರಿದು, ಒಳಗೆ ಸ್ವಲ್ಪ ಅಗಲ. ಗೂಟವನ್ನು ಒತ್ತಿದರೆ ಟಿಕ್ ಅಂತ ಒಳಗೆ ಹೋಗುತ್ತದೆ. ಆಮೇಲೆ ಹಲಗೆಯನ್ನು ಮುಂದಕ್ಕೆ ಎಷ್ಟು ತಳ್ಳಿದರೂ ಬರುವುದಿಲ್ಲ. ಆ ಗೂಟವೇ ಕೀಲಿನ ಹಾಗೆ ಕೆಲಸ ಮಾಡುತ್ತದೆ, ಹಲಗೆಯ ಹಿಂದಿನ ಅಂಚು ಮಾತ್ರ ಮೇಲೆ ಏಳುತ್ತದೆ. ಹಿಂದಿನ ಅಂಚಿನಿಂದ ಎರಡು ದಾರ ಹೊರಟು ಡಿಕ್ಕಿ ಬಾಗಿಲಿನ ಕೊಕ್ಕೆಗೆ ಸಿಕ್ಕಿಕೊಂಡಿರುತ್ತವೆ. ಬಾಗಿಲು ಎತ್ತಿದರೆ ಹಲಗೆಯೂ ಎದ್ದು ದಾರಿ ಬಿಡುತ್ತದೆ. ಇಷ್ಟೇ ಸಂಗತಿ. ಎರಡು ಗೂಟ, ಎರಡು ಕಚ್ಚು, ಎರಡು ದಾರ.

ನಮ್ಮ ಹಲಗೆಯಲ್ಲಿ ಗೂಟವೇ ಇರಲಿಲ್ಲ. ಎರಡು ಪಕ್ಕದ ಪ್ಲಾಸ್ಟಿಕ್ ಅಂಚಿನ ಮೇಲೆ ಸುಮ್ನೆ ಮಲಗಿತ್ತು. ಪ್ಲೈವುಡ್ ದಪ್ಪ ಇದ್ದದ್ದರಿಂದ ಕಂಪನಿಯ ಹಲಗೆಗಿಂತ ಮೇಲೆ ಕೂತಿತ್ತು, ಹೆಚ್ಚುಕಡಿಮೆ ಸೀಟಿನ ಬೆನ್ನಿನ ತುದಿಯ ಮಟ್ಟಕ್ಕೆ. ಅಂದರೆ ಜಾರಿದರೆ ತಡೆಯಲು ಸೀಟೂ ಇಲ್ಲ. ತಕ್ಕಡಿಗೆ ಹಾಕಿದೆ. ಎರಡು ಸ್ಪೀಕರ್ ಸೇರಿ ಎಂಟು ಕಿಲೋ ಹತ್ತಿರ ಬಂತು. ಪಕ್ಕದ ಮನೆಯ ಕಂಪನಿ ಹಲಗೆಯನ್ನು ನಾನು ಒಂದೇ ಕೈಯಲ್ಲಿ, ಎರಡು ಬೆರಳಲ್ಲಿ ಎತ್ತಿದ್ದೆ.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಹಿಂದಿನ ಸೀಟಿನ ಬೆನ್ನು ಬರೀ ಒರಗಿ ಕೂರಲು ಅಲ್ಲ, ಡಿಕ್ಕಿಯ ಸಾಮಾನು ಮುಂದೆ ಬರದ ಹಾಗೆ ತಡೆಯಲು ಕೂಡ. ಯುರೋಪಿನ ದೇಶಗಳು ಪಾಲಿಸುವ ಸೀಟಿನ ನಿಯಮ ಒಂದಿದೆ, ಯುಎನ್ ಆರ್17 ಅಂತ. ಅದರ ಪರೀಕ್ಷೆಯಲ್ಲಿ ಡಿಕ್ಕಿಯೊಳಗೆ ತಲಾ 18 ಕಿಲೋದ ಎರಡು ದಿಮ್ಮಿ ಇಟ್ಟು, ಗಂಟೆಗೆ 50 ಕಿ.ಮೀ. ವೇಗದಲ್ಲಿ ಗುದ್ದಿದಷ್ಟು ಜೋರಾಗಿ ನಿಲ್ಲಿಸಿ, ಸೀಟಿನ ಬೆನ್ನು ತಡೆದುಕೊಳ್ಳುತ್ತದಾ ಅಂತ ನೋಡುತ್ತಾರೆ. ಅಂದರೆ ಸೀಟಿನ ಬೆನ್ನಿಗಿಂತ ಕೆಳಗೆ ಇಟ್ಟದ್ದಕ್ಕೆ ತಡೆ ಇದೆ. ಅದಕ್ಕಿಂತ ಮೇಲೆ ಇಟ್ಟದ್ದಕ್ಕೆ ಎದುರು ಸಿಗುವುದು ಕೂತವರ ತಲೆ, ಕುತ್ತಿಗೆ ಮಾತ್ರ. ಪಾರ್ಸೆಲ್ ಟ್ರೇ ಇರುವುದು ಸರಿಯಾಗಿ ಆ ಗಡಿಯಲ್ಲಿ.

ಒಣ ಟಾರು ರಸ್ತೆಯಲ್ಲಿ ಬ್ರೇಕನ್ನು ಪೂರ್ತಿ ಒತ್ತಿದರೆ ಕಾರಿನೊಳಗಿನ ವಸ್ತು ತನ್ನ ತೂಕದ ಸುಮಾರು ಮುಕ್ಕಾಲು ಪಾಲಿನಷ್ಟು ಬಲದಿಂದ ಮುಂದಕ್ಕೆ ನುಗ್ಗುತ್ತದೆ. ಎಂಟು ಕಿಲೋ ಹಲಗೆಯನ್ನು ಯಾರೋ ಆರು ಕಿಲೋ ಬಲ ಹಾಕಿ ಹಿಂದಿನಿಂದ ತಳ್ಳಿದ ಹಾಗೆ. ಪ್ಲಾಸ್ಟಿಕ್ ಅಂಚಿನ ಮೇಲೆ ಹಚ್ಚಿದ ಟೇಪ್ ಹೊಸದರಲ್ಲಿ ತಡೆದೀತು. ನಾಲ್ಕು ತಿಂಗಳು ಬಿಸಿಲಲ್ಲಿ ಬೆಂದ ಮೇಲೆ, ಅದರ ಅಂಟೆಲ್ಲ ಕರಗಿ ಮಣ್ಣು ಹಿಡಿದ ಮೇಲೆ, ಅದು ಏನನ್ನು ತಡೆಯುತ್ತದೆ?

ಬ್ರೇಕಿಗೇ ಹೀಗಾದರೆ ನಿಜವಾಗಿ ಗುದ್ದಿದರೆ ಏನು ಕತೆ. ನಮ್ಮ ತೋಟದವರಿಗೆ ಅರ್ಥ ಆಗುವ ಲೆಕ್ಕದಲ್ಲಿ ಹೇಳುತ್ತೇನೆ. ಗಂಟೆಗೆ 50 ಕಿ.ಮೀ. ವೇಗದಲ್ಲಿ ಹೋಗುವ ವಸ್ತುವಿನ ಏಟು, ಅದೇ ವಸ್ತು ಸುಮಾರು 10 ಮೀಟರ್ ಎತ್ತರದಿಂದ ಬಿದ್ದರೆ ಎಷ್ಟೋ ಅಷ್ಟು. 80 ಕಿ.ಮೀ. ಆದರೆ 25 ಮೀಟರ್. ಅಡಕೆ ಮರದ ತುದಿಯಿಂದ ಬಿದ್ದ ಹಾಗೆ. ಅಡಕೆ ಗೊನೆ ಕೊಯ್ಯುವ ಕೊನೆಗಾರ ಮರದ ಮೇಲಿರುವಾಗ ಬುಡದಲ್ಲಿ ಯಾರನ್ನಾದರೂ ನಿಲ್ಲಲು ಬಿಡುತ್ತೇವಾ? ಹಗ್ಗದಲ್ಲಿ ಜಾರಿ ಬರುವ ಕೊನೆ ಹಿಡಿಯುವವನೂ ದೂರ ನಿಂತೇ ಹಿಡಿಯುತ್ತಾನೆ. ಚಿಕ್ಕ ಮಕ್ಕಳು ಅತ್ತ ಸುಳಿದರೆ ಗದರಿಸಿ ಓಡಿಸುತ್ತೇವೆ. ಅದೇ ಮಕ್ಕಳನ್ನು ಕಾರಿನಲ್ಲಿ ಹಿಂದೆ ಕೂರಿಸಿ, ಅವರ ತಲೆಯ ಹಿಂದೆ ಎರಡು ಕಿಲೋದ ಸ್ಪೀಕರು, ಸ್ಟೀಲ್ ಬಾಟಲಿ, ಕೆಲವರು ಗಣಪತಿಯ ಹಿತ್ತಾಳೆ ಮೂರ್ತಿ ಕೂಡ ಇಟ್ಟುಕೊಂಡು ಆಗುಂಬೆ ಘಾಟಿ ಇಳಿಯುತ್ತೇವೆ.

2022ರ ಸೆಪ್ಟೆಂಬರ್‌ನಲ್ಲಿ ಉದ್ಯಮಿ ಸೈರಸ್ ಮಿಸ್ತ್ರಿ ಅವರು ಮಹಾರಾಷ್ಟ್ರದ ಪಾಲ್ಘರ್ ಬಳಿ ಕಾರು ಅಪಘಾತದಲ್ಲಿ ತೀರಿಕೊಂಡರು, ಅವರು ಹಿಂದಿನ ಸೀಟಿನಲ್ಲಿ ಕೂತಿದ್ದರು. ಆಮೇಲೆ ದೇಶವೆಲ್ಲ ಹಿಂದಿನ ಸೀಟಿನ ಬೆಲ್ಟಿನ ಬಗ್ಗೆ ಮಾತಾಡಿತು. ಒಳ್ಳೆಯದೇ ಆಯಿತು. ನಮ್ಮ ಮನೆಯಲ್ಲೂ ಅಂದಿನಿಂದ ಹಿಂದೆ ಕೂತವರು ಬೆಲ್ಟ್ ಹಾಕುತ್ತಾರೆ, ಅವತ್ತು ಅಮ್ಮನೂ ಹಾಕಿಕೊಂಡಿದ್ದರು. ಆದರೆ ಬೆಲ್ಟ್ ಮನುಷ್ಯನನ್ನು ಹಿಡಿದು ನಿಲ್ಲಿಸುತ್ತದೆ. ಹಿಂದಿನಿಂದ ಬರುವ ಹಲಗೆಯನ್ನು ಅದು ಹಿಡಿಯಲ್ಲ. ಬೆಲ್ಟಿನ ಜೊತೆ ಈ ಮಾತೂ ಬರಬೇಕಿತ್ತು, ಬರಲಿಲ್ಲ.

ಡಿಕ್ಕಿ ಮುಚ್ಚುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. ಬೇಕು. 2012ರಲ್ಲಿ ಸುಪ್ರೀಂ ಕೋರ್ಟ್ ಕಾರಿನ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರದು ಅಂತ ಹೇಳಿದ ಮೇಲೆ ಕಾರಿನೊಳಗಿರುವುದು ಹೊರಗಿನವರಿಗೆ ಕಾಣುತ್ತದೆ. ಕಾಣಬೇಕು, ಅದು ಸರಿಯೇ. ಆದರೆ ದೇವಸ್ಥಾನದ ಹತ್ತಿರವೋ ಬೆಂಗಳೂರಿನ ಯಾವುದೋ ರಸ್ತೆಯಲ್ಲೋ ಕಾರು ನಿಲ್ಲಿಸಿ ಹೋದಾಗ ಲ್ಯಾಪ್‌ಟಾಪ್ ಬ್ಯಾಗು, ಮದುವೆಯ ಸೀರೆಯ ಚೀಲ ಗಾಜಿನಲ್ಲಿ ಕಂಡರೆ ಗಾಜು ಒಡೆಯುವವರಿದ್ದಾರೆ. ಆಗ ಮುಚ್ಚಳ ಬೇಕೇ ಬೇಕು. ಬೇಸಿಗೆಯಲ್ಲಿ ತರಕಾರಿ, ಔಷಧಿ ತಂದರೂ ನೆರಳು ಬೇಕು. ನಾನು ಕೇಳುವುದು ಇಷ್ಟೇ, ಹಾಕಿಸುವುದನ್ನು ಸರಿಯಾಗಿ ಹಾಕಿಸಿ.

ಸರಿಯಾಗಿ ಅಂದರೆ ಹೇಗೆ ಅಂತ ಈ ಐದಾರು ತಿಂಗಳಲ್ಲಿ ನಾನು ಕಲಿತದ್ದನ್ನು ಬರೆಯುತ್ತೇನೆ. ಶಿವಮೊಗ್ಗದಲ್ಲೂ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ಅಂಗಡಿ ಅಂಗಡಿ ತಿರುಗಿ, ಬೇರೆ ಬೇರೆ ಕಾರಿನ ಡಿಕ್ಕಿಯೊಳಗೆ ತಲೆ ಹಾಕಿ ನೋಡಿ ತಿಳಿದುಕೊಂಡದ್ದು.

ಮೊದಲು ನಿಮ್ಮ ಕಾರಿನಲ್ಲಿ ಕಚ್ಚು ಇದೆಯಾ ನೋಡಿ. ಡಿಕ್ಕಿ ತೆಗೆದು, ಸೀಟಿನ ಬೆನ್ನಿನ ಹತ್ತಿರ ಎರಡೂ ಪಕ್ಕದ ಪ್ಲಾಸ್ಟಿಕ್ಕಿನ ಮೇಲೆ ಬೆರಳಾಡಿಸಿದರೆ ಸಿಗುತ್ತದೆ. ಇದ್ದರೆ ಅದರಲ್ಲಿ ಕೂರುವ ಗೂಟ ಇರುವ ಹಲಗೆಯನ್ನೇ ತಗೊಳ್ಳಿ. ಕಾರಿನ ಹೆಸರು ಹೇಳಿದರೆ ಸಾಲದು, ಯಾವ ವರ್ಷದ ಕಾರು ಅಂತ ಹೇಳಲೇಬೇಕು. ವ್ಯಾಗನ್ ಆರ್ ಒಂದೇ ಹೆಸರಿನಲ್ಲಿ 1999, 2010, 2019ರಲ್ಲಿ ಮೂರು ಬೇರೆ ಬೇರೆ ದೇಹ ತಳೆದು ಬಂದಿದೆ. ಸ್ವಿಫ್ಟ್ 2005ರಲ್ಲಿ ಬಂದ ಮೇಲೆ ಮೂರು ಸಲ ಬದಲಾಗಿದೆ, ಕೊನೆಯ ಸಲ 2024ರಲ್ಲಿ. ಹೆಸರು ಒಂದೇ, ಡಿಕ್ಕಿ ಒಂದೇ ಅಲ್ಲ. ಒಂದು ಅಂಗಡಿಯಲ್ಲಿ ಹಳೆಯ ಕಾರಿನ ಹಲಗೆಯನ್ನು ಹೊಸ ಕಾರಿಗೆ ಗರಗಸದಲ್ಲಿ ಕೊಯ್ದು ಕೂರಿಸುವುದನ್ನು ನಾನೇ ನೋಡಿದೆ. ಕೊಯ್ದಾಗ ಮೊದಲು ಹೋಗುವುದು ಆ ಗೂಟಗಳೇ.

ಕೂರಿಸುವಾಗ ಹಲಗೆಯನ್ನು ಸ್ವಲ್ಪ ಓರೆಯಾಗಿ ಹಿಡಿದು, ಒಂದು ಪಕ್ಕದ ಗೂಟ ಕಚ್ಚಿನ ಬಾಯಿಗೆ ತಂದು, ಇನ್ನೊಂದನ್ನೂ ಸೇರಿಸಿ, ಎರಡೂ ಕಡೆ ಹೆಬ್ಬೆರಳಿನಿಂದ ಒತ್ತಬೇಕು. ಟಿಕ್ ಅನ್ನಬೇಕು, ಎರಡು ಸಲ. ಒಂದೇ ಸಲ ಕೇಳಿಸಿದರೆ ಒಂದು ಪಕ್ಕ ಕೂತಿಲ್ಲ ಅಂತ ಅರ್ಥ. ಕೂತ ಮೇಲೆ ಡಿಕ್ಕಿಯ ಕಡೆಯಿಂದ ಎರಡೂ ಕೈಯಲ್ಲಿ ಹಲಗೆಯನ್ನು ಸೀಟಿನ ಕಡೆಗೆ ಜೋರಾಗಿ ತಳ್ಳಿ ನೋಡಿ. ಅಂಗಡಿಯವರ ಎದುರೇ ತಳ್ಳಿ. ನಾಚಿಕೊಳ್ಳಬೇಡಿ. ಬಂದರೆ ಅದು ನಿಮ್ಮ ಕಾರಿನದಲ್ಲ, ವಾಪಸ್ ಕೊಡಿ. ಆಮೇಲೆ ದಾರ ಕೊಕ್ಕೆಗೆ ಹಾಕಿ, ಬಾಗಿಲನ್ನು ಮೊದಲ ಸಲ ನಿಧಾನಕ್ಕೆ ಇಳಿಸಿ. ದಾರ ಉದ್ದ ಜಾಸ್ತಿ ಇದ್ದರೆ ಬಾಗಿಲಿನ ಅಂಚಿಗೆ ಸಿಕ್ಕಿಕೊಳ್ಳುತ್ತದೆ, ಕಡಿಮೆ ಇದ್ದರೆ ಕೊಕ್ಕೆ ಮುರಿಯುತ್ತದೆ. ಬಾಗಿಲು ಹಾಕಿದ ಮೇಲೆ ಹಲಗೆ ಗಾಜಿಗೆ ತಾಗಬಾರದು, ನಡುವೆ ಜಾಗ ಇರಬೇಕು.

ಕಿಟಕಿಟ ಶಬ್ದ ಬರುತ್ತದೆ ಅಂತ ಕೆಲವರು ಸ್ಕ್ರೂ ಹೊಡೆಸುತ್ತಾರೆ. ಇದನ್ನು ಮಾತ್ರ ಮಾಡಬೇಡಿ. ಆ ಪಕ್ಕದ ಪ್ಲಾಸ್ಟಿಕ್ಕಿನ ಹಿಂದೆ ಹಿಂದಿನ ದೀಪದ ತಂತಿಗಳು ಹೋಗಿರುತ್ತವೆ, ಎಷ್ಟೋ ಕಾರುಗಳಲ್ಲಿ ಸೀಟ್ ಬೆಲ್ಟಿನ ಸುರುಳಿ ಅಲ್ಲೇ ಇರುತ್ತದೆ, ಒಂದು ಪಕ್ಕದಲ್ಲಿ ಪೆಟ್ರೋಲ್ ತುಂಬುವ ಕೊಳವೆ ಹಾದುಹೋಗಿರುತ್ತದೆ. ಪಕ್ಕದ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಅದರ ಭಾಗಗಳು ಮೇಲಿನ ಕಂಬದ ಹತ್ತಿರ ಇರುತ್ತವೆ. ಕಣ್ಣಿಗೆ ಕಾಣದ ಜಾಗಕ್ಕೆ ಡ್ರಿಲ್ ಇಳಿಸೋದು ಯಾಕೆ? ಶಬ್ದ ನಿಲ್ಲಿಸಲು ಹಲಗೆ ಪ್ಲಾಸ್ಟಿಕ್ಕಿಗೆ ತಾಗುವ ಜಾಗದಲ್ಲಿ ತೆಳುವಾದ ಬಟ್ಟೆ ಟೇಪ್ ಅಂಟಿಸಿದರೆ ಸಾಕು. ಶಬ್ದಕ್ಕೆ ಟೇಪ್, ಹಿಡಿತಕ್ಕೆ ಗೂಟ. ಇವೆರಡನ್ನೂ ಅಂಗಡಿಯವರು ಬೆರೆಸಿಬಿಟ್ಟಿದ್ದಾರೆ.

ಇನ್ನು ನಮ್ಮ ಮಲೆನಾಡಿನವರಿಗೆ ಒಂದು ವಿಶೇಷ ತೊಂದರೆ ಇದೆ. ಪ್ಲೈವುಡ್, ಹಾರ್ಡ್‌ಬೋರ್ಡ್ ಹಲಗೆ ಮಳೆಗಾಲದಲ್ಲಿ ಉಬ್ಬುತ್ತದೆ. ಒದ್ದೆ ಕೊಡೆ, ಒದ್ದೆ ರೇನ್‌ಕೋಟ್ ಡಿಕ್ಕಿಯೊಳಗೆ ಹಾಕಿ ಮುಚ್ಚಿದರೆ ಜುಲೈ ತಿಂಗಳಲ್ಲಿ ಹಲಗೆಯ ಅಡಿಗೆ ಬೂಷ್ಟು. ಉಬ್ಬಿದಾಗ ಗಟ್ಟಿ ಸಿಕ್ಕಿಕೊಂಡು ಕೂತಿದೆ ಅನ್ನಿಸುತ್ತದೆ. ಮಾರ್ಚ್, ಏಪ್ರಿಲ್ ಬಿಸಿಲಿಗೆ ಒಣಗಿ ಬಾಗುತ್ತದೆ, ಮೂಲೆ ಮೇಲೆ ಏಳುತ್ತದೆ, ಸಡಿಲ ಆಗುತ್ತದೆ. ನಮ್ಮ ಹಲಗೆಯ ಮೂಲೆಯೂ ಹಾಗೇ ಎದ್ದಿತ್ತು, ಅದೇ ಮೂಲೆ ಅಮ್ಮನಿಗೆ ಬಡಿದದ್ದು. ಹಾಗಾಗಿ ಅಚ್ಚು ಹೊಯ್ದ ಪ್ಲಾಸ್ಟಿಕ್ ಹಲಗೆ ಸಿಗುವುದಾದರೆ ಸ್ವಲ್ಪ ದುಡ್ಡು ಜಾಸ್ತಿ ಆದರೂ ಅದನ್ನೇ ನೋಡಿ.

ಕಚ್ಚು ಇಲ್ಲದ ಕಾರಿಗೆ ಏನು ಮಾಡೋದು ಅಂತ ಕೇಳಿದರೆ, ಬಟ್ಟೆಯ ಮುಚ್ಚಳ ಸಿಗುತ್ತದೆ. ಹೆಡ್‌ರೆಸ್ಟಿನ ಕಂಬಿಗಳಿಗೆ ಎಲಾಸ್ಟಿಕ್ ಕುಣಿಕೆ, ಹಿಂದೆ ಎರಡು ಕೊಕ್ಕೆ. ನೋಡಲು ಹಲಗೆಯಷ್ಟು ಚೆಂದ ಇಲ್ಲ. ಆದರೆ ಹಗುರ, ಮತ್ತು ಅದರ ಮೇಲೆ ಏನನ್ನೂ ಇಡಲು ಆಗುವುದಿಲ್ಲ. ನನ್ನ ಲೆಕ್ಕದಲ್ಲಿ ಅದೇ ಅದರ ದೊಡ್ಡ ಗುಣ.

ದೊಡ್ಡ ಗಾಡಿಗಳವರು, ಅದೇ ಏಳು ಸೀಟಿನ ಗಾಡಿ, ಎಸ್‌ಯುವಿ ಇಟ್ಟುಕೊಂಡವರು ಹಾಕಿಸುವುದು ಸುರುಳಿ ಮುಚ್ಚಳ. ಉದ್ದನೆಯ ಕೊಳವೆಯೊಳಗೆ ಬಟ್ಟೆ ಸುತ್ತಿಕೊಂಡಿರುತ್ತದೆ, ಎಳೆದು ಹಿಂದಿನ ಕೊಕ್ಕೆಗೆ ಸಿಕ್ಕಿಸುವುದು. ಆ ಕೊಳವೆಯ ಎರಡು ತುದಿಯಲ್ಲಿ ಸ್ಪ್ರಿಂಗ್ ಇರುತ್ತದೆ. ಒಂದು ತುದಿಯನ್ನು ಗುಳಿಗೆ ಒತ್ತಿ ಹಿಡಿದು ಇನ್ನೊಂದನ್ನು ಎದುರಿನ ಗುಳಿಗೆ ಇಳಿಸಬೇಕು. ಅಳತೆ ಒಂದು ಇಂಚು ಕಡಿಮೆ ಇರುವ ಕೊಳವೆ ತಂದರೆ ಸ್ಪ್ರಿಂಗ್ ಪೂರ್ತಿ ಬಿಚ್ಚಿಕೊಂಡು ಹಿಡಿತವೇ ಇರುವುದಿಲ್ಲ, ಹಳ್ಳ ಹಾರಿದ ಕೂಡಲೇ ಕಳಚುತ್ತದೆ. ಇದರದ್ದು ಇನ್ನೊಂದು ಕಷ್ಟ. ಮೂರನೇ ಸಾಲಿನ ಸೀಟು ಬೇಕಾದಾಗ ಕೊಳವೆ ತೆಗೆದು ಎಲ್ಲೋ ಕಾಲ ಬುಡದಲ್ಲಿ ಎಸೆದಿರುತ್ತೇವೆ. ಮದುವೆಗೆ ಏಳು ಜನ ಹೋಗುವಾಗ ಆ ಕಬ್ಬಿಣದ ಕೋಲು ಸುಮ್ನೆ ಕಾರಿನೊಳಗೆ ಉರುಳಾಡುತ್ತಿರುತ್ತದೆ. ಕೆಲವು ಗಾಡಿಗಳಲ್ಲಿ ಅದನ್ನಿಡಲು ನೆಲದಡಿ ಜಾಗ ಕೊಟ್ಟಿರುತ್ತಾರೆ, ಇಲ್ಲದಿದ್ದರೆ ಮನೆಯಲ್ಲೇ ಬಿಟ್ಟು ಹೋಗಿ.

ಚಿಕ್ಕ ಮಕ್ಕಳಿಗೆ ಕಾರ್ ಸೀಟ್ ಹಾಕಿಸಿರುವ ತಂದೆತಾಯಿಗಳು ಇದನ್ನು ಗಮನಿಸಲೇಬೇಕು. ಐಸೋಫಿಕ್ಸ್, ಅಂದರೆ ಕಾರಿನಲ್ಲೇ ಇರುವ ಕೊಂಡಿಗೆ ನೇರ ಸಿಕ್ಕಿಸುವ ಮಕ್ಕಳ ಸೀಟು, ಎಷ್ಟೋ ಇಂಥ ಸೀಟುಗಳ ಮೇಲಿನ ಪಟ್ಟಿ ಹಿಂದಿನ ಸೀಟಿನ ಮೇಲಿಂದ ಹಾದು, ಸೀಟಿನ ಬೆನ್ನಿನ ಹಿಂಬದಿಗೋ ಡಿಕ್ಕಿಯ ನೆಲಕ್ಕೋ ಇರುವ ಕೊಕ್ಕೆಗೆ ಸೇರುತ್ತದೆ. ಸೀಟಿಗೆ ಅಂಟಿಕೊಂಡ ಹಾಗೆ ಬರುವ ಹೊರಗಿನ ಹಲಗೆ ಆ ದಾರಿಯನ್ನೇ ಮುಚ್ಚಿಬಿಡುತ್ತದೆ. ಆಗ ಹಲಗೆ ಕೂರಲಿ ಅಂತ ಪಟ್ಟಿಯನ್ನು ಬಿಚ್ಚಿ ಮಡಚಿಟ್ಟವರನ್ನು ನಾನು ನೋಡಿದ್ದೇನೆ. ಮಗುವಿನ ಸೀಟು ಮುಂದಕ್ಕೆ ವಾಲದ ಹಾಗೆ ಹಿಡಿಯುವುದೇ ಆ ಪಟ್ಟಿ. ಎರಡರಲ್ಲಿ ಒಂದು ಬಿಡಬೇಕಾದರೆ ಹಲಗೆ ಬಿಡಿ.

ಹಾಗೆಯೇ ಹಿಂದಿನ ಸೀಟು ಮಡಚಿ ಮತ್ತೆ ಎತ್ತಿದಾಗ ಲಾಕ್ ಬಿದ್ದಿದೆಯಾ ನೋಡಿ. ಕೆಲವು ಕಾರುಗಳಲ್ಲಿ ಲಾಕ್ ಸರಿಯಾಗಿ ಬೀಳದಿದ್ದರೆ ಗುಂಡಿಯ ಹತ್ತಿರ ಕೆಂಪು ಗುರುತು ಕಾಣುತ್ತದೆ. ದಪ್ಪ ಹಲಗೆ ಹಿಂದೆ ಒತ್ತುತ್ತಿದ್ದರೆ ಸೀಟು ಪೂರ್ತಿ ಹಿಂದೆ ಹೋಗದೆ ಲಾಕ್ ಅರ್ಧಕ್ಕೆ ನಿಲ್ಲುವುದೂ ಉಂಟು. ಆಗ ಡಿಕ್ಕಿಯಲ್ಲಿರುವ ಅಕ್ಕಿ ಮೂಟೆಯನ್ನು ತಡೆಯಲು ಏನೂ ಉಳಿದಿರುವುದಿಲ್ಲ.

ಈಗ ಯಾರಿಗೆ ಏನು ಕೇಳಬೇಕೋ ಕೇಳುತ್ತೇನೆ. ಕಾರು ಕಂಪನಿಗಳೇ, ಈ ಹಲಗೆಯನ್ನು ಮೇಲಿನ ವೇರಿಯಂಟಿನವರಿಗೆ ಮಾತ್ರ ಕೊಡುವ ಅಲಂಕಾರದ ಪಟ್ಟಿಯಿಂದ ತೆಗೆಯಿರಿ. ಕೆಳಗಿನ ವೇರಿಯಂಟ್ ಕೊಳ್ಳುವವರ ಹಿಂದಿನ ಸೀಟಿನಲ್ಲೂ ಮನುಷ್ಯರೇ ಕೂರುತ್ತಾರೆ. ಲಕ್ಷಗಟ್ಟಲೆ ಕೊಟ್ಟು ಕಾರು ತಗೊಂಡವರಿಗೆ ಒಂದು ಹಗುರ ಪ್ಲಾಸ್ಟಿಕ್ ಹಲಗೆ ಕೊಡಲು ಆಗದೇ ಹೋದದ್ದರಿಂದ ತಾನೇ ನಾವು ಪ್ಲೈವುಡ್ ಹುಡುಕಿ ಹೋಗುವುದು? 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಬಂದಿದೆ, ಅಂದರೆ ಕಾರನ್ನು ಗುದ್ದಿಸಿ ನೋಡಿ ಸುರಕ್ಷತೆಗೆ ಸ್ಟಾರ್ ಕೊಡುವ ಪರೀಕ್ಷೆ, ಜನ ಈಗ ಸ್ಟಾರ್ ಎಷ್ಟು ಅಂತ ಕೇಳಿ ಕಾರು ಕೊಳ್ಳುತ್ತಾರೆ. ಸಂತೋಷ. ಆದರೆ ಅಷ್ಟು ಸ್ಟಾರಿನ ಕಾರನ್ನು ಶೋರೂಮಿನಿಂದ ನೇರ ಆಕ್ಸೆಸರೀಸ್ ಅಂಗಡಿಗೆ ಒಯ್ದು ಎಂಟು ಕಿಲೋ ಹಲಗೆ ಇಟ್ಟುಕೊಂಡರೆ, ಆ ಸ್ಟಾರ್ ಹಲಗೆಗೆ ಸೇರುವುದಿಲ್ಲ.

ಶೋರೂಮಿನವರು ಡೆಲಿವರಿ ದಿನ ಬ್ಲೂಟೂತ್ ಜೋಡಿಸುವುದನ್ನು ಹತ್ತು ನಿಮಿಷ ಹೇಳಿಕೊಡುತ್ತಾರೆ. ಒಂದು ನಿಮಿಷ ಡಿಕ್ಕಿ ತೆಗೆದು ಹಲಗೆ ಹೇಗೆ ಕೂರುತ್ತದೆ, ಅದರ ಮೇಲೆ ಏನೂ ಇಡಬಾರದು ಅಂತ ತೋರಿಸಲಿ. ಆಕ್ಸೆಸರೀಸ್ ಅಂಗಡಿಯವರಿಗೆ ನನ್ನ ಮೇಲೆ ಸಿಟ್ಟು ಬೇಡ. ನಿಮ್ಮ ವ್ಯಾಪಾರ ನಿಲ್ಲಲಿ ಅಂತ ಬರೆದದ್ದಲ್ಲ. ಗೂಟ ಇಲ್ಲದ ಹಲಗೆ ಮಾರಬೇಡಿ, ಬಿಲ್ಲಿನಲ್ಲಿ ಯಾವ ವರ್ಷದ ಯಾವ ಕಾರಿಗೆ ಕೊಟ್ಟದ್ದು ಅಂತ ಬರೆದುಕೊಡಿ. ನನ್ನ ಬಿಲ್ಲಿನಲ್ಲಿ ಬರೀ ‘ಟ್ರೇ, 2200’ ಅಂತ ಇತ್ತು. ನಾನು ಆ ಅಂಗಡಿಗೆ ಮತ್ತೆ ಹೋಗಿ ನಡೆದದ್ದನ್ನು ಹೇಳಿದೆ. ಮಾಲೀಕರು ಪೂರ್ತಿ ಕೇಳಿಸಿಕೊಂಡರು, ಬೇಜಾರು ಮಾಡಿಕೊಂಡರು, ದುಡ್ಡು ವಾಪಸ್ ಕೊಡಲು ಬಂದರು. ದುಡ್ಡು ಬೇಡ, ಅಲ್ಲಿ ಒರಗಿಸಿಟ್ಟಿರುವ ಉಳಿದ ಹಲಗೆಗಳನ್ನು ತೆಗೆಯಿರಿ ಅಂದೆ. ಹೋದ ವಾರ ಆ ದಾರಿಯಲ್ಲಿ ಹೋದಾಗ ಹಲಗೆಗಳು ಅಲ್ಲೇ ಇದ್ದವು.

ಸಂಗೀತ ಕೇಳುವವರು ಸ್ಪೀಕರಿಗೆ ಏನು ಮಾಡೋದು ಅಂತ ಕೇಳುತ್ತೀರಿ, ನನ್ನ ಅಳಿಯನೂ ಅದನ್ನೇ ಕೇಳಿದ. ಹಿಂದಿನ ಬಾಗಿಲುಗಳಲ್ಲಿ ಕಂಪನಿಯವರೇ ದುಂಡು ಸ್ಪೀಕರಿಗೆ ಜಾಗ ಬಿಟ್ಟಿರುವ ಕಾರುಗಳು ಎಷ್ಟೋ ಇವೆ, ಮುಚ್ಚಳ ತೆಗೆಸಿ ನೋಡಿದರೆ ಗೊತ್ತಾಗುತ್ತದೆ. ನಮ್ಮ ಕಾರಿನಲ್ಲೂ ಇತ್ತು. ಅಲ್ಲಿ ಎರಡು ಹಾಕಿಸಿದ್ದೇನೆ, ನಾಲ್ಕು ಸ್ಕ್ರೂ ಬಿಗಿದು ಕೂತಿವೆ. ಆ ಎರಡು ಓವಲ್ ಸ್ಪೀಕರು ಹಲಗೆಯ ಸಮೇತ ಈಗ ಅಡಕೆ ಸುಲಿಯುವ ಚಪ್ಪರದ ಗೋಡೆಗೆ ಹೊಡೆದಿವೆ. ಕಂಪನಿಯ ಹಲಗೆ ಹದಿನೈದು ದಿನ ಅಂದವರು ಇಪ್ಪತ್ತೆರಡನೇ ದಿನ ತರಿಸಿಕೊಟ್ಟರು. ಕಾದದ್ದಕ್ಕೆ ಬೇಜಾರಿಲ್ಲ.

ಇಂತಿ,
ನಿಮ್ಮ ಓದುಗ
ತೀರ್ಥಹಳ್ಳಿ